ಶ್ರಾವಣದ ಖರ್ಚು, ಸುಗ್ಗಿಯ ಹಣ

ನಮ್ಮ ಕಸುಬಿನಲ್ಲಿ ಹಣ ಬರುವ ತಿಂಗಳುಗಳು ಬೇರೆ, ಹೋಗುವ ತಿಂಗಳುಗಳು ಬೇರೆ. ಅರೇಬಿಕಾ ಕೊಯ್ಲು ನವೆಂಬರಿನ ಸುಮಾರಿಗೆ, ರೊಬಸ್ಟಾ ಅದರ ನಂತರ. ಚಾಲಿ ಅಡಿಕೆ ಅಂಗಳದಲ್ಲಿ 40 ದಿನವಾದರೂ ಒಣಗಬೇಕು. ಶಾಲೆಯ ಶುಲ್ಕವಾದರೋ ಜೂನ್‌ನಲ್ಲೇ ಬಂದು ನಿಲ್ಲುತ್ತದೆ. ಹಿಂದೆಯೇ ನಾಗರಪಂಚಮಿ, ಚೌತಿ, ನವರಾತ್ರಿ. ದೀಪಾವಳಿಗೆ ಆಳುಗಳಿಗೂ ಏನಾದರೂ ಕೊಡಬೇಕು. ಮಳೆಗೆ ಮುಂಚೆ ಬೋರ್ಡೋ ಹೊಡೆದ 40-45 ದಿನಕ್ಕೆ ಎರಡನೆಯ ಸಿಂಪರಣೆ. ಅದೂ ಶ್ರಾವಣದ ಆಸುಪಾಸಿನಲ್ಲೇ ಬೀಳುತ್ತದೆ.

ಎಡವುವುದು ಇಲ್ಲಿಯೇ. ನಾವೂ ಒಮ್ಮೆ ಎಡವಿದ್ದೇವೆ. ಮನೆಯ ಹಿರಿಯರ ಆಸ್ಪತ್ರೆ ಖರ್ಚು, ಅದರ ಮೇಲೆ ಹಬ್ಬಕ್ಕೆ ನೆಂಟರು. ಮೈಲುತುತ್ತಕ್ಕೆಂದು ಇಟ್ಟಿದ್ದ ಹಣ ತೆಗೆದು ಸಿಂಪರಣೆಯನ್ನು 15 ದಿನ ಮುಂದೂಡಿದೆವು. ಮಳೆ ಬಿಡಲಿಲ್ಲ. ಕೊಳೆರೋಗದಿಂದ ಉದುರಿದ ಕಾಯಿಯ ಬೆಲೆಯಲ್ಲಿ ಅಂಥ ಮೂರು ಹಬ್ಬ ಮಾಡಬಹುದಿತ್ತು.

ಇನ್ನು ಕೆಲವರು ವ್ಯಾಪಾರಿಯ ಮುಂಗಡಕ್ಕೆ ಕೈಯೊಡ್ಡುತ್ತಾರೆ. 'ಬಡ್ಡಿಯಿಲ್ಲ' ಎಂಬ ಮಾತು ಕೇಳಲು ಹಿತ. ಲೆಕ್ಕ ನೋಡಿ: 50,000 ರೂ. ಮುಂಗಡಕ್ಕೆ 10 ಕ್ವಿಂಟಾಲ್ ಮಾಲನ್ನು ಕಿಲೋಗೆ 10 ರೂ. ಕಡಿಮೆಗೆ ಒಪ್ಪಿದರೆ ನಷ್ಟ 10,000 ರೂ. ಆರು ತಿಂಗಳ ಲೆಕ್ಕದಲ್ಲಿ ಇದು ವರ್ಷಕ್ಕೆ ಶೇಕಡ 40ರ ಬಡ್ಡಿ. ಶೇಕಡ 12ರ ಒಡವೆ ಸಾಲವಾದರೆ ಅದೇ ಅವಧಿಗೆ 3,000 ರೂ. ಮಾತ್ರ.

ಆದುದರಿಂದ ಮಾಲು ಮಾರಿದ ದಿನವೇ, ಹಣ ಮನೆ ತಲಪುವ ಮೊದಲು, ಎರಡು ಠೇವಣಿ ಮಾಡುವುದು ಲೇಸು: ಒಂದು ಜೂನ್‌ಗೆ, ಇನ್ನೊಂದು ಆಗಸ್ಟ್‌ಗೆ ಕೈಗೆ ಬರುವಂತೆ. ಎಷ್ಟೆಂಬುದನ್ನು ಮನೆಯಾಕೆಯನ್ನು ಕೇಳಿಯೇ ನಿರ್ಧರಿಸಬೇಕು. ಕಳೆದ ಚೌತಿಗೆ ಎಷ್ಟು ತೆಂಗಿನಕಾಯಿ, ಎಷ್ಟು ಬೆಲ್ಲ ಹೋಯಿತೆಂಬುದು ಯಜಮಾನರಿಗೆ ಗೊತ್ತಿರುವುದು ಅಪರೂಪ. ಸಿಂಪರಣೆಯ ಹಣ ಈ ಎರಡರಲ್ಲೂ ಸೇರಕೂಡದು. ಮೈಲುತುತ್ತ, ಸುಣ್ಣವನ್ನು ಮೇ ತಿಂಗಳಲ್ಲೇ ತಂದಿಟ್ಟರೆ ಆ ಹಣಕ್ಕೆ ಕೈ ಹಾಕುವ ಪ್ರಶ್ನೆಯೇ ಬಾರದು.

ಅಟ್ಟದಲ್ಲಿ ಚಾಲಿ ಇಟ್ಟು ಹಬ್ಬಕ್ಕೊಂದು ಮೂಟೆ ಮಾರುವವರಿದ್ದಾರೆ, ತಪ್ಪಲ್ಲ. ಕಾಫಿ ಚೆರಿಯನ್ನು ಮಾತ್ರ ಹಾಗೆ ನಂಬಲಾಗದು, ಮಳೆಗಾಲದ ತೇವ ಹೀರುತ್ತದೆ.

ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಗೊತ್ತುಮಾಡುವಾಗ ಬೆಳೆ ಖರ್ಚಿನ ಶೇಕಡ 10ರಷ್ಟನ್ನು ಕೊಯ್ಲಿನ ನಂತರದ ಹಾಗೂ ಮನೆವಾರ್ತೆಯ ಅಗತ್ಯಗಳಿಗೆಂದೇ ಸೇರಿಸಲಾಗುತ್ತದೆ. ಬಹಳ ಸದಸ್ಯರಿಗೆ ಇದು ತಿಳಿಯದು.

ಕಾಯಿಲೆಯ ವಿಷಯ ಬೇರೆ, ಅದಕ್ಕೆ ಪಂಚಾಂಗವಿಲ್ಲ. ಸಹಕಾರಿ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತಿದ್ದ ಯಶಸ್ವಿನಿ ಯೋಜನೆ 2022-23ರಲ್ಲಿ ಮರುಜಾರಿಯಾದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವಂತಿಗೆ ವರ್ಷಕ್ಕೆ 500 ರೂ., ಚಿಕಿತ್ಸೆಯ ಮಿತಿ 5 ಲಕ್ಷ ರೂ. ನೋಂದಣಿಗೆ ಗಡುವಿರುತ್ತದೆ. ಅದು ಮೀರಿದ ಮೇಲೆ ಆಸ್ಪತ್ರೆಯಿಂದ ಫೋನ್ ಮಾಡಿದರೆ ಕಾರ್ಯದರ್ಶಿಯಾದ ನಮ್ಮಿಂದ ಆಗುವುದೇನೂ ಇರುವುದಿಲ್ಲ.