ಮನೆ ಮುಗಿದ ಮೇಲೆ ಮಂಜೂರಾತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯದೊಂದು ಕಷ್ಟವನ್ನು ಹೇಳದೆಯೇ ಬಿಟ್ಟರು. ಕಟ್ಟಿ ಮುಗಿಸಿ, ಹಾಲು ಉಕ್ಕಿಸಿ, ಹತ್ತಾರು ವರ್ಷ ಬಾಳಿದ ಮನೆಗೆ ಮಂಜೂರಾತಿ ಪಡೆಯಹೊರಡುವುದೇ ಆ ಕಷ್ಟ.

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಶಿಗ್ಗಾಂವ, 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ ಜಿಲ್ಲೆಯ ಊರು. 1997ರಿಂದ ಹಾವೇರಿ ಜಿಲ್ಲೆಯದು. ಉತಾರ, ಗಾವಠಾಣ, ಬಿನಶೇತ್ಕಿ ಎಂಬ ಮುಂಬಯಿ ಕಾಲದ ಮಾತುಗಳು ಈ ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿವೆ. ಇಂತಹ ಊರಿನಲ್ಲಿ ಒಬ್ಬ ಗೃಹಸ್ಥನು ಮೊದಲು ಎರಡು ಕೋಣೆ ಕಟ್ಟಿಸಿದನೆನ್ನಿ. ಮಗನ ಮದುವೆಗೆ ಹಿತ್ತಿಲ ಕಡೆ ಒಂದು ಕೋಣೆ ಬೆಳೆಯಿತು; ಮೊಮ್ಮಕ್ಕಳಾದ ಮೇಲೆ ಮಹಡಿ ಎದ್ದಿತು. ಕಾಗದವನ್ನು ಯಾರೂ ಕೇಳಲಿಲ್ಲ. ಯಜಮಾನನು ತೀರಿಕೊಂಡು, ಮಕ್ಕಳು ಪಾಲಾಗುವಾಗಲೋ, ಮೊಮ್ಮಗಳ ಓದಿಗೆ ಮನೆಯ ಮೇಲೆ ಸಾಲ ಬೇಕಾದಾಗಲೋ, ಮಹಡಿಗೆ ಪರವಾನಿಗೆಯೇ ಇಲ್ಲವೆಂಬುದು ಬಯಲಾಗುತ್ತದೆ. ಸೋರುವ ಮಾಳಿಗೆಯನ್ನು ಹಾಡಿದ ಶಿಶುನಾಳ ಶರೀಫರ ಊರು ಇದೇ ತಾಲ್ಲೂಕಿನದು. ಮಾಳಿಗೆ ಸೋರಿದರೆ ಮೊದಲ ಮಳೆಯಲ್ಲಿಯೇ ಕಾಣುತ್ತದೆ. ಕಾಗದದ ಕೊರತೆ ಕಾಣುವುದು ಮನೆಗೆ ಕಷ್ಟ ಬಂದ ದಿನ.

‘ವರ್ಷವರ್ಷವೂ ಮನೆಪಟ್ಟಿ ಕಟ್ಟಿದ್ದೇವಲ್ಲ!’ ಎಂಬುದು ಆಗ ಎಲ್ಲರ ಬಾಯಲ್ಲೂ ಬರುವ ಮಾತು. ಆದರೆ ತೆರಿಗೆಯ ರಸೀತಿಯೇ ಬೇರೆ, ಕಟ್ಟಡದ ಪರವಾನಿಗೆಯೇ ಬೇರೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ 187ನೆಯ ಪ್ರಕರಣದಂತೆ, ಕಟ್ಟುವುದಕ್ಕೆ ಮೊದಲೇ ಪುರಸಭೆಗೆ ಬರೆದು ತಿಳಿಸಿ ಅನುಮತಿ ಪಡೆಯತಕ್ಕದ್ದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ನಗರ, ಪಟ್ಟಣಗಳ ಅನಧಿಕೃತ ಸ್ವತ್ತುಗಳಿಗೆ ‘ಬಿ-ಖಾತಾ’ ನೀಡುವ ಅಭಿಯಾನವನ್ನು ಆರಂಭಿಸಿತು. ಅದರಿಂದ ಸ್ವತ್ತು ಪುರಸಭೆಯ ಲೆಕ್ಕಕ್ಕೆ ಬಂದಿತೇ ಹೊರತು, ಅದರ ಮೇಲಿನ ಕಟ್ಟಡ ಮಂಜೂರಾದಂತಾಗಲಿಲ್ಲ.

ಖರ್ಚು ಮಾಡಿ ಕಟ್ಟಿಯಾದ ಮೇಲೆ ಕೆಡವುವವರಾರು ಎಂಬ ಧೈರ್ಯವೂ ಸಲ್ಲದು. ಉಡುಪಿಯಲ್ಲಿ ಕಲ್ಯಾಣಮಂಟಪವೆಂದು ನಕ್ಷೆ ಮಂಜೂರಾಗಿದ್ದ ಕಟ್ಟಡವೊಂದನ್ನು ವಾಸದ ಬಡಾವಣೆಯಲ್ಲಿ ಚಿತ್ರಮಂದಿರವಾಗಿಸಲು ಪುರಸಭೆಯೇ ಒಪ್ಪಿಗೆ ಕೊಟ್ಟಿತ್ತು. ಬಹಳ ಹಣ ವೆಚ್ಚವಾಗಿದೆಯೆಂಬ ವಾದವೂ ನಡೆಯಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಒಪ್ಪಿಗೆಯನ್ನೇ ರದ್ದುಗೊಳಿಸಿತು. ನಿಯಮ ಮೀರಿ ಕೊಟ್ಟ ಒಪ್ಪಿಗೆಯನ್ನು ಹಣದ ವೆಚ್ಚವು ಸಕ್ರಮಗೊಳಿಸಲಾರದು ಎಂಬುದು ಅದರಿಂದ ಸ್ಪಷ್ಟವಾಯಿತು.

ದಂಡ ಪಡೆದು ಮನ್ನಿಸುವ ಯತ್ನ ನಡೆಯದೆ ಇಲ್ಲ. ‘ಅಕ್ರಮ-ಸಕ್ರಮ’ವೆಂದು ಹೆಸರಾದ ಯೋಜನೆಗೆ 2014ರಲ್ಲಿ ನಿಯಮಗಳಾದವು. 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ ವಾಸದ ಮನೆಗಳಲ್ಲಿ ಶೇಕಡಾ 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇಕಡಾ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಮನ್ನಿಸಬಹುದೆಂದಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದನ್ನೇ ನಂಬಿ ಕುಳಿತ ಸಂಸಾರಗಳು ಕಾಯುತ್ತಲೇ ಉಳಿದವು.

2024ರ ಡಿಸೆಂಬರ್ 17ರಂದು ಅದೇ ನ್ಯಾಯಾಲಯವು ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಿತು. ಕಟ್ಟಡ ಪೂರ್ಣಗೊಂಡ ಪತ್ರ ಅಥವಾ ಜನರ ಬಾಯಲ್ಲಿ ‘ಓ.ಸಿ.’ ಎನಿಸಿದ ಸ್ವಾಧೀನಾನುಭವ ಪತ್ರವನ್ನು ನೋಡಿಯೇ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ನೀಡಬೇಕು ಎಂದಿತು. ಇದರ ಬಿಸಿ ಕರ್ನಾಟಕದಲ್ಲಿ ಹೊಸ ಮನೆ ಕಟ್ಟಿದವರಿಗೆ ಮರುವರ್ಷವೇ ತಟ್ಟಿತು. ವಿದ್ಯುತ್ ಸಂಪರ್ಕಕ್ಕಾಗಿ ಅನೇಕರು ಪರದಾಡಿದರು.

ಹಾಗಾದರೆ ತಡವಾದವರಿಗೆ ದಾರಿಯೇ ಇಲ್ಲವೆ? ಉಂಟು, ಆದರೆ ಎಲ್ಲರ ತಪ್ಪೂ ಒಂದೇ ಬಗೆಯದಲ್ಲ. ನಿಯಮದೊಳಗೇ ಕಟ್ಟಿ, ಅನುಮತಿ ಕೇಳಲು ಮಾತ್ರ ಮರೆತವರ ಹಾದಿ ಹೆಚ್ಚು ಸುಗಮ. ಬಿಡಬೇಕಾದ ತೆರವಿನ ಜಾಗಕ್ಕೆ ಗೋಡೆ ಸರಿಸಿದವರದು ಕಠಿನ. ಮೀರಿದ ಭಾಗವನ್ನು ತೆಗೆಸಿ ಉಳಿದುದನ್ನು ಕಾಪಾಡಿಕೊಳ್ಳಬೇಕಾಗಿ ಬಂದೀತು. ಹೊಲವನ್ನು ಬಿನಶೇತ್ಕಿ ಮಾಡಿಸದೆಯೇ ಪ್ಲಾಟೆಂದು ಕೊಂಡು ಕಟ್ಟಿದವರಿಗೆ ಮನೆಗಿಂತ ಮೊದಲು ನೆಲದ ಪ್ರಶ್ನೆಯೇ ಎದುರಾಗುತ್ತದೆ. ರಸ್ತೆ, ಚರಂಡಿ, ಕೆರೆಯಂಗಳವನ್ನು ಒತ್ತಿದ ಗೋಡೆಗಂತೂ ಮಂಜೂರಾತಿಯ ಆಸೆ ಸಲ್ಲದು.

ಆದುದರಿಂದ ಮೊದಲ ಕೆಲಸ ಅರ್ಜಿ ಬರೆಯುವುದಲ್ಲ, ಅಳತೆ ಹಿಡಿಯುವುದು. ಅರ್ಹ ಎಂಜಿನಿಯರರಿಂದ ಮನೆ ಈಗ ಇರುವಂತೆಯೇ ನಕ್ಷೆ ಬರೆಸಬೇಕು. ಚೆನ್ನಾಗಿ ಕಾಣಲೆಂದು ತಿದ್ದಿದ ನಕ್ಷೆ ಸ್ಥಳ ಪರಿಶೀಲನೆಯ ದಿನ ಸಿಕ್ಕಿಬೀಳುತ್ತದೆ. ಖರೀದಿ ಪತ್ರ, ಉತಾರ, ಬಿನಶೇತ್ಕಿ ಆದೇಶ, ಹಳೆಯ ಪರವಾನಿಗೆ, ತೆರಿಗೆ ರಸೀತಿಗಳನ್ನು ಒಂದೆಡೆ ಜೋಡಿಸಬೇಕು. ಅರ್ಜಿ ಕೊಟ್ಟುದಕ್ಕೆ ಸ್ವೀಕೃತಿ, ಹಣ ಕಟ್ಟಿದುದಕ್ಕೆ ರಸೀತಿ ಪಡೆಯಬೇಕು. ‘ಮಾಡಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಯ ಬಾಯಿಮಾತಿಗೆ ನಾಳೆ ಸಾಕ್ಷಿಯಿರುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಕಾಲ. ಕಟ್ಟಿಸಿದವರು ಬದುಕಿರುವಾಗ ಯಾವ ಗೋಡೆ ಯಾವ ವರ್ಷದ್ದೆಂದು ಹೇಳಬಲ್ಲವರಿರುತ್ತಾರೆ. ಸಾಲದ, ಮಾರಾಟದ, ಪಾಲುಪಟ್ಟಿಯ ಅವಸರ ಬಂದಾಗ ಓಡಾಡುವವನು ಕೇಳಿದಷ್ಟು ಕೊಟ್ಟು ಹೇಳಿದಲ್ಲಿ ಸಹಿ ಹಾಕುತ್ತಾನೆ. ಅವಸರವಿಲ್ಲದ ದಿನ ಹೋದವನಾದರೋ ಕಚೇರಿಯಲ್ಲಿ ನಿಂತು ನಾಲ್ಕು ಪ್ರಶ್ನೆ ಕೇಳಬಲ್ಲ. ತಂದೆತಾಯಿಗಳು ಮಕ್ಕಳಿಗೆ ಮನೆಯ ಬೀಗದ ಕೈ ಕೊಡುವಾಗ ಅದರ ಕಾಗದಗಳನ್ನೂ ಸರಿಪಡಿಸಿಕೊಡುವುದು ಮೇಲು.