ಜಾಹೀರಾತು ತಡೆದವರು ಯಾರು?

ಮುಂಗಾರು ಹಿಡಿಯಿತೆಂದರೆ ಗೊರೂರಿನ ಸುತ್ತ ಎಲ್ಲರ ಬಾಯಲ್ಲೂ ಒಂದೇ ಮಾತು: ಡ್ಯಾಂ ಎಷ್ಟು ತುಂಬಿತು? ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಇಂದಿನ ಮಟ್ಟ ನೋಡೋಣವೆಂದು ಮೊಬೈಲಿನಲ್ಲಿ ಸುದ್ದಿತಾಣ ತೆರೆದರೆ ಕೆಲವೊಮ್ಮೆ ಸುದ್ದಿಯ ಬದಲು ಎಚ್ಚರಿಕೆ ಎದುರಾಗುತ್ತದೆ: ‘ಆ್ಯಡ್ ಬ್ಲಾಕರ್ ನಿಲ್ಲಿಸಿ.’ ಜಾಹೀರಾತು ತಡೆಯುವ ಅಂಥ ತಂತ್ರಾಂಶ ಹಾಕಿಕೊಳ್ಳದವರಿಗೂ ಈ ಮಾತು ತಪ್ಪದು.

ಬ್ರೌಸರಿನೊಳಗೆ ಏನೇನಿದೆ ಎಂಬ ಪಟ್ಟಿ ಜಾಲತಾಣಕ್ಕೆ ಸಿಗುವುದಿಲ್ಲ. ಹಾಗಾಗಿ ಅದು ಗಾಳ ಹಾಕುತ್ತದೆ. ಜಾಹೀರಾತಿನ ಹೆಸರು ಹೊತ್ತ ಖಾಲಿ ಚೌಕವೊಂದನ್ನು ಪುಟದಲ್ಲಿಡುತ್ತದೆ, ಇಲ್ಲವೇ ಅಂಥ ಹೆಸರಿನ ಕಡತವೊಂದನ್ನು ತರಿಸುತ್ತದೆ. 2005ರಲ್ಲಿ ಶುರುವಾದ ‘ಈಸಿಲಿಸ್ಟ್’ನಂಥ ಪಟ್ಟಿಗಳನ್ನು ನೋಡಿಕೊಂಡು ತಡೆ ತಂತ್ರಾಂಶಗಳು ಈ ಹೆಸರುಗಳನ್ನು ಹೊಡೆದುಹಾಕುತ್ತವೆ. ಚೌಕದ ಎತ್ತರ ಸೊನ್ನೆಯಾಯಿತೇ, ಕಡತ ಬರಲಿಲ್ಲವೇ, ತಾಣ ತೀರ್ಪು ಕೊಟ್ಟುಬಿಡುತ್ತದೆ.

ತಪ್ಪಾಗುವುದು ಇಲ್ಲೇ. ನಾಲೆಯ ಕೊನೆಯ ಗದ್ದೆಗೆ ನೀರು ಬರಲಿಲ್ಲವೆಂದರೆ ಮೇಲಿನವರು ಅಡ್ಡ ಕಟ್ಟಿದ್ದಾರೆ ಎಂದೇ ಅರ್ಥವಲ್ಲ. ಹೂಳು ತುಂಬಿರಬಹುದು, ಏರಿ ಒಡೆದಿರಬಹುದು, ತೂಬನ್ನೇ ಎತ್ತದಿರಬಹುದು. ಕಡತ ಬಾರದಿರಲೂ ಹೀಗೆಯೇ ಹಲವು ಕಾರಣ: ನೆಟ್‌ವರ್ಕ್ ನಿಧಾನ, ಬ್ರೌಸರಿನದೇ ಟ್ರ್ಯಾಕಿಂಗ್ ತಡೆ, ಆ್ಯಂಟಿವೈರಸ್, ವಿಪಿಎನ್, ಕಚೇರಿ ಅಥವಾ ಕಾಲೇಜಿನ ವೈಫೈ ಹಾಕಿದ ಸೋಸುಬಲೆ.

ಪರಿಹಾರಕ್ಕೆ ನಾಲೆಯುದ್ದಕ್ಕೂ ನಡೆದು ನೋಡುವ ರೈತನ ದಾರಿಯೇ ಸರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಪುಟವನ್ನು ರೀಲೋಡ್ ಮಾಡಿ. ಆಮೇಲೆ ಬೇರೆ ಬ್ರೌಸರಿನಲ್ಲಿ ತೆರೆಯಿರಿ. ಅಲ್ಲಿ ಸುದ್ದಿ ಬಂದರೆ ದೋಷ ಮೊದಲ ಬ್ರೌಸರಿನದು: ಆ ತಾಣದ ಮಟ್ಟಿಗೆ ಟ್ರ್ಯಾಕಿಂಗ್ ತಡೆ ಸಡಿಲಿಸಿ, ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ಕ್ಯಾಶೆ ಅಳಿಸಿ ನೋಡಿ. ಅಲ್ಲೂ ಬಾರದಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬನ್ನಿ. ಈಗ ಬಂದರೆ ತಡೆ ವೈಫೈನಲ್ಲಿದೆ. ಇನ್ನೂ ಇಲ್ಲವೆಂದರೆ ವಿಪಿಎನ್ ನಿಲ್ಲಿಸಿ ನೋಡಿ. ಆ್ಯಂಡ್ರಾಯ್ಡ್ 9ರಿಂದ ಈಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲಿರುವ ‘ಪ್ರೈವೇಟ್ ಡಿಎನ್ಎಸ್’ ಪರೀಕ್ಷಿಸಿ. ಜಾಹೀರಾತು ಸೋಸುವ ವಿಳಾಸವೊಂದನ್ನು ಯಾರೋ ಅಲ್ಲಿ ತುಂಬಿಟ್ಟಿದ್ದರೆ ಫೋನಿನ ಎಲ್ಲ ಆ್ಯಪ್‌ಗಳಿಗೂ ಅದು ಅನ್ವಯಿಸುತ್ತದೆ.

ಒಂದು ಎಚ್ಚರಿಕೆ: ಪರದೆಯ ಸೂಚನೆ ಹೇಳಿತೆಂದು ಗೊತ್ತಿಲ್ಲದ ಆ್ಯಪ್ ಹಾಕಿಕೊಳ್ಳಬೇಡಿ, ಆ್ಯಂಟಿವೈರಸ್ಸನ್ನು ಪೂರ್ತಿ ತೆಗೆದುಹಾಕಬೇಡಿ.

ಜಾಹೀರಾತಿನ ಹಣದಿಂದಲೇ ಎಷ್ಟೋ ಕನ್ನಡ ತಾಣಗಳು ನಡೆಯುತ್ತಿವೆ. ಅವುಗಳ ಆತಂಕ ನ್ಯಾಯವಾದದ್ದೇ. ಆದರೆ ತಾಣಕ್ಕೆ ಖಚಿತವಾಗಿ ಗೊತ್ತಿರುವುದು ಜಾಹೀರಾತು ಬರಲಿಲ್ಲ ಎಂಬುದಷ್ಟೆ. ‘ನೀವು ತಡೆದಿರಿ’ ಎನ್ನುವ ಬದಲು ಅಷ್ಟನ್ನೇ ಹೇಳಿ, ನೀರಿನ ಮಟ್ಟವನ್ನು ಓದಲು ಬಿಟ್ಟರೆ ಓದುಗನೂ ಮರಳಿ ಬರುತ್ತಾನೆ.