ಧ್ಯಾನಪರ ಕ್ರೈಸ್ತ ಆರಾಧನೆ (ಕರ್ನಾಟಕ)

ಧ್ಯಾನಪರ ಕ್ರೈಸ್ತ ಆರಾಧನೆಯು ಹಾಡು, ಮೌನ ಮತ್ತು ಸಂಧಾನ ಎಂಬ ಮೂರು ಅಂಶಗಳನ್ನು ಆಧಾರವಾಗಿಟ್ಟುಕೊಂಡ ಸಾಮೂಹಿಕ ಪ್ರಾರ್ಥನಾ ಕ್ರಮವಾಗಿದೆ. ದೀರ್ಘ ಉಪದೇಶಕ್ಕೆ ಬದಲಾಗಿ ಚಿಕ್ಕ ಸಾಲುಗಳ ಪುನರಾವರ್ತಿತ ಗಾಯನ, ಧರ್ಮಗ್ರಂಥದ ಸಂಕ್ಷಿಪ್ತ ಪಠಣ ಹಾಗೂ ಎಲ್ಲರೂ ಒಟ್ಟಾಗಿ ಆಚರಿಸುವ ಮೌನಕ್ಕೆ ಇಲ್ಲಿ ಪ್ರಾಶಸ್ತ್ಯವಿದೆ. ಫ್ರಾನ್ಸಿನ ತೇಜೆ ಸಮುದಾಯವು ಈ ಬಗೆಯ ಆರಾಧನೆಯ ಅತ್ಯಂತ ಪರಿಚಿತ ಕೇಂದ್ರವಾಗಿದೆ. ಕರ್ನಾಟಕದಲ್ಲಿ ಇದಕ್ಕೆ ಸಮೀಪವಾದ ಪ್ರಯೋಗಗಳು ಬೆಂಗಳೂರು ಮತ್ತು ಮೈಸೂರುಗಳಲ್ಲಿ 1960ರ ದಶಕದ ನಂತರ ರೂಪುಗೊಂಡವು.

ತೇಜೆ ಸಮುದಾಯ

ಸ್ವಿಟ್ಜರ್ಲೆಂಡಿನ ರೋಜರ್ ಶುಟ್ಜ್ (1915–2005) ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಫ್ರಾನ್ಸಿನ ಬರ್ಗಂಡಿ ಪ್ರದೇಶದ ತೇಜೆ ಎಂಬ ಹಳ್ಳಿಯಲ್ಲಿ ನೆಲೆಸಿ ಈ ಸಮುದಾಯಕ್ಕೆ ನಾಂದಿ ಹಾಡಿದರು. ಪ್ರೊಟೆಸ್ಟೆಂಟರು ಮತ್ತು ಕಥೋಲಿಕರು ಒಂದೇ ಮಠದಲ್ಲಿ ಸಹೋದರರಾಗಿ ಬಾಳುವುದು ಇದರ ವೈಶಿಷ್ಟ್ಯ. ಜರ್ಮನಿಯ ಯುವಕರು ಯುದ್ಧದ ಪ್ರಾಯಶ್ಚಿತ್ತವಾಗಿ ಕಟ್ಟಿಕೊಟ್ಟ ಇಲ್ಲಿನ ದೇವಾಲಯವು 1962ರಲ್ಲಿ ಪ್ರತಿಷ್ಠೆಗೊಂಡಿತು. ಅದಕ್ಕೆ ಸಂಧಾನದ ದೇವಾಲಯ ಎಂದೇ ಹೆಸರು. ನಾನಾ ದೇಶಗಳಿಂದ ಬರುವ ಯುವಜನರು ಭಾಷಾಭೇದವಿಲ್ಲದೆ ಒಟ್ಟಿಗೆ ಹಾಡಲು ಅನುಕೂಲವಾಗುವಂತೆ ಸಂಗೀತಕಾರ ಜಾಕ್ ಬರ್ತಿಯೆ (1923–1994) ಅವರು ಚಿಕ್ಕ ಚಿಕ್ಕ ಪಲ್ಲವಿಗಳನ್ನು ಸಂಯೋಜಿಸಿದರು.

ರೋಜರ್ ಅವರು 1976ರಲ್ಲಿ ಕೋಲ್ಕತ್ತದಲ್ಲಿ ತಂಗಿದ್ದರು. ಸಮುದಾಯದ ಅಂತರಖಂಡ ಯುವ ಸಮಾವೇಶಗಳು 1980ರ ದಶಕದಲ್ಲಿ ಚೆನ್ನೈನಲ್ಲಿಯೂ 2006ರಲ್ಲಿ ಕೋಲ್ಕತ್ತದಲ್ಲಿಯೂ ನಡೆದವು. 2005ರ ಆಗಸ್ಟ್ 16ರ ಸಂಜೆಯ ಪ್ರಾರ್ಥನೆಯ ವೇಳೆ ರೋಜರ್ ಅವರು ಹಲ್ಲೆಗೊಳಗಾಗಿ ಮೃತಪಟ್ಟರು.

ಬಳ್ಳಾರಿ ಸೀಮೆಯ ಹಿನ್ನೆಲೆ

ಕನ್ನಡದಲ್ಲಿ ಕ್ರೈಸ್ತ ಪ್ರಾರ್ಥನೆಯ ಭಾಷೆ ರೂಪುಗೊಂಡ ಪ್ರಮುಖ ಸ್ಥಳಗಳಲ್ಲಿ ಬಳ್ಳಾರಿಯೂ ಒಂದು. ಹೊಸಪೇಟೆ, ಹಂಪಿ ಮತ್ತು ಕಂಪ್ಲಿಗಳು ಆಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು; ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದವನ್ನು ಕೈಗೊಂಡರು. ವಿಲಿಯಂ ರೀವ್ ಮೊದಲಾದವರ ಸಹಕಾರದಿಂದ ಸಂಪೂರ್ಣ ಬೈಬಲ್ 1831ರಲ್ಲಿ ಸಿದ್ಧವಾಯಿತು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತವು 1949ರಲ್ಲಿ ರಚನೆಯಾಯಿತು.

ಕರಾವಳಿಯಲ್ಲಿ 1834ರಿಂದ ಕಾರ್ಯನಿರತವಾದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಸಾಹಿತ್ಯವನ್ನು ಹೊಂದಿಸಿ ಸಂಗೀತ ಪುಸ್ತಕಗಳನ್ನು ಹೊರತಂದರು. ಪಾಶ್ಚಾತ್ಯ ರಾಗದ ಹಾಡುಗಳ ಜೊತೆಗೆ ದೇಶೀಯ ಧಾಟಿಯ ಕೀರ್ತನೆ ಮತ್ತು ಭಜನೆಗಳೂ ಸಭೆಗಳಲ್ಲಿ ಬಳಕೆಗೆ ಬಂದವು. ಒಬ್ಬರು ಹೇಳಿಕೊಟ್ಟುದನ್ನು ಉಳಿದವರು ತಿರುಗಿ ಹಾಡುವ ಭಜನೆಯ ಕ್ರಮವು ಈ ಸೀಮೆಗೆ ಹೊಸದಲ್ಲ. ಪುರಂದರದಾಸರ ನೆನಪಿನ ಪುರಂದರ ಮಂಟಪವು ಹಂಪಿಯಲ್ಲಿ ತುಂಗಭದ್ರೆಯ ದಡದಲ್ಲಿಯೇ ಇದೆ. ಪಲ್ಲವಿಯನ್ನು ಮತ್ತೆ ಮತ್ತೆ ಹಾಡುತ್ತ ಮನಸ್ಸನ್ನು ಒಂದೆಡೆ ನಿಲ್ಲಿಸುವ ಉಪಾಯವು ದಾಸರ ಪದಗಳ ಗಾಯನಕ್ಕೂ ತೇಜೆಯ ಹಾಡುಗಳಿಗೂ ಸಮಾನವಾದುದು. ಆದರೆ ಇವೆರಡರ ನಡುವೆ ಚಾರಿತ್ರಿಕ ಸಂಬಂಧವಿಲ್ಲ.

ಬೆಂಗಳೂರು ಮತ್ತು ಮೈಸೂರಿನ ಪ್ರಯೋಗಗಳು

ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಲ್ಯಾಟಿನ್ ಭಾಷೆಗೆ ಬದಲಾಗಿ ದೇಶಭಾಷೆಗಳಲ್ಲಿ ಬಲಿಪೂಜೆ ನಡೆಸಲು ಅವಕಾಶ ನೀಡಿತು. ಇದರ ಬೆನ್ನಲ್ಲೇ 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ (1932–1990) ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವು ಆರಂಭವಾಯಿತು. ಭಾರತೀಯ ಆರಾಧನೆಗೆ ಸಂಬಂಧಿಸಿದ 12 ಅಂಶಗಳಿಗೆ 1969ರ ಏಪ್ರಿಲ್‌ನಲ್ಲಿ ರೋಮ್ ಒಪ್ಪಿಗೆ ನೀಡಿತು. ಅವುಗಳಲ್ಲಿ ಮುಖ್ಯವಾದವು:

• ಪಾದರಕ್ಷೆಗಳನ್ನು ಕಳಚಿ ನೆಲದ ಮೇಲೆ ಕುಳಿತು ಪೂಜೆಯಲ್ಲಿ ಭಾಗವಹಿಸುವುದು
• ಮೇಣದ ಬತ್ತಿಗಳಿಗೆ ಬದಲಾಗಿ ಎಣ್ಣೆಯ ದೀಪಗಳನ್ನು ಬಳಸುವುದು
• ಆರತಿ ಎತ್ತುವುದು
• ಪಶ್ಚಾತ್ತಾಪದ ವಿಧಿಯಲ್ಲಿ ಪಂಚಾಂಗ ಪ್ರಣಾಮ ಮಾಡುವುದು
• ಶಾಂತಿಯ ವಿನಿಮಯವನ್ನು ಅಂಜಲಿಬದ್ಧ ಕೈಗಳಿಂದ, ಅಥವಾ ಒಬ್ಬರ ಕೈಗಳನ್ನು ಮತ್ತೊಬ್ಬರ ಅಂಗೈಗಳ ನಡುವೆ ಇರಿಸಿ ನೆರವೇರಿಸುವುದು

ಅಮಲೋರ್ಪವದಾಸ್ ಅವರು ಮುಂದೆ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅಂಜಲಿ ಆಶ್ರಮವನ್ನು ಕಟ್ಟಿ, ಸ್ವಾಮಿ ಅಮಲೋರಾನಂದ ಎಂಬ ಹೆಸರಿನಿಂದ ಬಾಳಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗದ ಸ್ಥಾಪನೆಗೂ ಅವರು ಕಾರಣರಾದರು. ಭಜನೆ, ಮೌನಧ್ಯಾನ, ಧರ್ಮಗ್ರಂಥ ಪಠಣ ಮತ್ತು ಸರಳ ಜೀವನ ಆಶ್ರಮದ ಸಾಧನೆಯ ಅಂಗಗಳಾಗಿವೆ. 1990ರಲ್ಲಿ ರಸ್ತೆ ಅಪಘಾತವೊಂದರಲ್ಲಿ ಅವರು ನಿಧನರಾದರು.

ದಕ್ಷಿಣ ಭಾರತ ಸಭೆ ಮತ್ತು ಶಾಂತಿಯ ವಿನಿಮಯ

ಸಂಧಾನವು ಆರಾಧನೆಯೊಳಗಿನ ವಿಧಿಯಾಗಿ ಮಾತ್ರವಲ್ಲದೆ ಸಭೆಗಳ ಇತಿಹಾಸದ ಘಟನೆಯಾಗಿಯೂ ನಡೆದುದಕ್ಕೆ ದಕ್ಷಿಣ ಭಾರತ ಸಭೆಯು ನಿದರ್ಶನವಾಗಿದೆ. ಆಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಪರಂಪರೆಗಳು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗಿ ಈ ಸಭೆ ಜನ್ಮತಾಳಿತು. 1950ರಲ್ಲಿ ಪ್ರಕಟವಾದ ಅದರ ಪ್ರಭುಭೋಜನದ ಕ್ರಮವು ಕೇರಳದ ಸಿರಿಯನ್ ಕ್ರೈಸ್ತರ ಪದ್ಧತಿಯಿಂದ ಪ್ರೇರಣೆ ಪಡೆದು ಶಾಂತಿಯ ವಿನಿಮಯವನ್ನು ಅಳವಡಿಸಿಕೊಂಡಿತು. ಸಭಾಪಾಲಕರಿಂದ ಆರಂಭವಾಗುವ ಶಾಂತಿಯು ಅಂಗೈಯಿಂದ ಅಂಗೈಗೆ, ಸಾಲಿನಿಂದ ಸಾಲಿಗೆ ಸಾಗಿ ಎಲ್ಲರನ್ನೂ ತಲುಪುತ್ತದೆ. ಮುಂದೆ ಪಾಶ್ಚಾತ್ಯ ಸಭೆಗಳು ತಮ್ಮ ಆರಾಧನೆಯನ್ನು ಪರಿಷ್ಕರಿಸುವಾಗ ಈ ಕ್ರಮವು ಮಾದರಿಗಳಲ್ಲೊಂದಾಯಿತು.

ಮೌನದ ಸ್ವರೂಪ

ಈ ಆರಾಧನೆಯಲ್ಲಿ ಮೌನವು ಎರಡು ಕಾರ್ಯಕ್ರಮಗಳ ನಡುವಿನ ಬಿಡುವಲ್ಲ. ತೇಜೆಯಲ್ಲಿ ಧರ್ಮಗ್ರಂಥ ಪಠಣದ ನಂತರ ಹಲವು ನಿಮಿಷಗಳ ಕಾಲ ಯಾರೂ ಮಾತನಾಡುವುದಿಲ್ಲ. ಮೊದಲಿನ ಹಾಡುಗಳು ಮನಸ್ಸನ್ನು ಮೌನಕ್ಕೆ ಸಿದ್ಧಗೊಳಿಸುತ್ತವೆ. ಕೇಳಿದ ವಾಕ್ಯವು ಮೌನದಲ್ಲಿ ಮನನಕ್ಕೆ ಒಳಗಾಗುತ್ತದೆ. ಜೊತೆಯಲ್ಲಿ ಕುಳಿತವರ ಪಂಥ, ಭಾಷೆ ಅಥವಾ ಅಂತಸ್ತು ಯಾವುದೇ ಇರಲಿ, ಮೌನದಲ್ಲಿ ಎಲ್ಲರೂ ಸಮಾನರಾಗುವರೆಂಬುದು ಇದರ ಹಿಂದಿನ ಆಶಯವಾಗಿದೆ.

ವಿಮರ್ಶೆ

ಭಾರತೀಯ ಶೈಲಿಯ ಆರಾಧನೆಯು ಹಲವು ಕಡೆಗಳಿಂದ ಆಕ್ಷೇಪಕ್ಕೆ ಒಳಗಾಗಿದೆ. ಇದು ಕ್ರೈಸ್ತ ಶ್ರದ್ಧೆಯನ್ನು ಹಿಂದೂ ಆಚರಣೆಗಳೊಂದಿಗೆ ಬೆರೆಸುತ್ತದೆಂದು ಸಂಪ್ರದಾಯನಿಷ್ಠ ಕಥೋಲಿಕರಲ್ಲಿ ಕೆಲವರು ದೂರಿದರು. ಆಶ್ರಮ, ಕಾವಿ ಮತ್ತು ಆರತಿಗಳು ಮತಾಂತರದ ಸಾಧನಗಳೆಂದು ಸೀತಾರಾಮ ಗೋಯಲ್ ಮೊದಲಾದ ಲೇಖಕರು 1980ರ ದಶಕದಲ್ಲಿ ಟೀಕಿಸಿದರು. ದಲಿತ ದೇವತಾಶಾಸ್ತ್ರಜ್ಞರ ಪ್ರಶ್ನೆ ಬೇರೆಯದು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತ ಮೂಲದವರಾಗಿರುವಾಗ, ಅವರನ್ನು ಹೊರಗಿಟ್ಟಿದ್ದ ಸಂಸ್ಕೃತಪ್ರಧಾನ ಸಂಪ್ರದಾಯದ ಚಿಹ್ನೆಗಳನ್ನೇ ಭಾರತೀಯತೆಯೆಂದು ಸ್ವೀಕರಿಸುವುದು ಎಷ್ಟು ನ್ಯಾಯ ಎಂಬುದು ಅವರ ವಾದ. ಅರವಿಂದ ನಿರ್ಮಲ್ ಅವರು 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಿಂದ ಈ ಚಿಂತನೆಗೆ ಸ್ಪಷ್ಟ ರೂಪ ದೊರೆಯಿತು.

ಆರಾಧನೆಯ ಭಾಷೆಯೂ ವಿವಾದದಿಂದ ಹೊರತಾಗಿಲ್ಲ. ಬೆಂಗಳೂರು ಮಹಾಧರ್ಮಪ್ರಾಂತದ ದೇವಾಲಯಗಳಲ್ಲಿ ಕನ್ನಡಕ್ಕೆ ಆದ್ಯ ಸ್ಥಾನ ದೊರೆಯಬೇಕೆಂಬ ಬೇಡಿಕೆ ದಶಕಗಳಿಂದ ಇದ್ದು, ತಮಿಳು ಭಾಷಿಕರೊಂದಿಗೆ ಘರ್ಷಣೆಗಳಿಗೂ ಕಾರಣವಾಗಿದೆ. ಹೀಗಾಗಿ ಕರ್ನಾಟಕದ ಸಂದರ್ಭದಲ್ಲಿ ಸಂಧಾನವೆಂಬುದು ಪಂಥಗಳ ಐಕ್ಯಕ್ಕೆ ಮಾತ್ರ ಸೀಮಿತವಾಗಿಲ್ಲ. ಜಾತಿ ಮತ್ತು ಭಾಷೆಗಳ ನಡುವಿನ ಸಂಬಂಧಗಳನ್ನೂ ಒಳಗೊಂಡಿದೆ.